ಕೋಪ ಅಂದುಕೊಂಡದ್ದು ಭಯವಾಗಿತ್ತು

"ಡಾಕ್ಟ್ರೇ, ಇವನಿಗೆ ಕೋಪ ಜಾಸ್ತಿ ಆಗಿದೆ, ಮಾತ್ರೆ ಕೊಡಿ." ಆಟಿಸಂ ಜೊತೆಗೆ ಬೌದ್ಧಿಕ ಅಸಾಮರ್ಥ್ಯವೂ ಇರುವ ವಯಸ್ಕರನ್ನು ಕರೆತಂದಾಗ ನಾನು ತುಂಬಾ ಕೇಳುವ ಮಾತು ಇದು. ಮನೋವೈದ್ಯೆಯಾಗಿ ನಾನು ಮೊದಲು ಹುಡುಕುವುದು ಭಯವನ್ನು. ಭಯ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳಲಾಗದವರು ಕೈ ಕಚ್ಚಿಕೊಳ್ಳುತ್ತಾರೆ, ರಾತ್ರಿಯೆಲ್ಲ ಓಡಾಡುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ.

ಒಬ್ಬ ಯುವಕ ಕುಕ್ಕರ್ ಕೂಗಿದರೆ ಕಿವಿಗೆ ಹೊಡೆದುಕೊಂಡು, ಕೈ ಕಚ್ಚಿಕೊಂಡು ತಾಯಿಯನ್ನು ತಳ್ಳುತ್ತಿದ್ದರು. ಅವರಿಗೆ ಬರುವುದು ಕೆಲವೇ ಮಾತು. ಮೊದಲು ಕಿವಿ, ಹಲ್ಲು, ಹೊಟ್ಟೆ ನೋಡಿಸಿದೆ. ಹೇಳಿಕೊಳ್ಳಲಾಗದ ನೋವೂ ಹೀಗೇ ಕಾಣುತ್ತದೆ ಅಲ್ವಾ? ಹುಳುಕು ಹಲ್ಲು ಸಿಕ್ಕಿತು. ಅದಕ್ಕೆ ಚಿಕಿತ್ಸೆಯಾದ ಮೇಲೆ ಕೈ ಕಚ್ಚುವುದು ಕಡಿಮೆಯಾಯಿತು. ಕುಕ್ಕರ್ ಭಯ ಹಾಗೇ ಉಳಿಯಿತು.

ಪ್ರತಿ ಸಲ ಗಲಾಟೆಗೆ ಮೊದಲು ಏನಾಯಿತು ಎಂದು ಬರೆದಿಡಲು ತಾಯಿಗೆ ಹೇಳಿದೆ. ಆ ಪುಸ್ತಕ ನೋಡಿದಾಗ ವಿಷಯ ಬಯಲಾಯಿತು. ಒಲೆ ಮೇಲೆ ಕುಕ್ಕರ್ ಇಟ್ಟ ಕೂಡಲೇ ಅವರ ಒದ್ದಾಟ ಶುರು. ಸದ್ದಿಗಿಂತ, ಅದು ಯಾವಾಗ ಬರುತ್ತದೋ ಎಂಬ ಕಾಯುವಿಕೆಯೇ ಅವರನ್ನು ಹಿಂಡುತ್ತಿತ್ತು.

ಹಾಗಾಗಿ ಚಿತ್ರಗಳನ್ನು ಸಾಲಾಗಿ ಅಂಟಿಸಿದೆವು: ಕುಕ್ಕರ್, ಮೂರು ವಿಷಲ್, ಒಲೆ ಬಂದ್, ಊಟ. ಪ್ರತಿ ವಿಷಲ್‌ಗೂ ಒಂದು ಚಿತ್ರವನ್ನು ಅವರೇ ಕಿತ್ತು ಡಬ್ಬಿಗೆ ಹಾಕುತ್ತಿದ್ದರು. ಫೋನಿನಲ್ಲಿ ವಿಷಲ್ ಸದ್ದು ಹಾಕಿ, ಅದನ್ನು ಏರಿಸುವುದು ಇಳಿಸುವುದು ಅವರ ಕೈಗೇ ಬಿಟ್ಟೆವು. ಜೊತೆಗೊಂದು "ಸಾಕು" ಕಾರ್ಡ್. ಅದನ್ನು ತೋರಿಸಿದ ಕ್ಷಣವೇ ನಿಲ್ಲಿಸಬೇಕು. ಇಲ್ಲಿ ನಾನು ಹಟ ಹಿಡಿಯುತ್ತೇನೆ: ನಿಲ್ಲಿಸುವ ಅಧಿಕಾರ ಅವರಿಗಿಲ್ಲದಿದ್ದರೆ ಅದು ಚಿಕಿತ್ಸೆಯಲ್ಲ, ಬಲವಂತ.

ನಿದ್ದೆಗೆಡಿಸುವ ಆತಂಕ ಇನ್ನೂ ಉಳಿದಿದ್ದರಿಂದ ಮಾತ್ರೆಯನ್ನೂ ಕೊಟ್ಟೆ. ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲಿನ್, ಮಾಮೂಲಿಗಿಂತ ಕಡಿಮೆ ಪ್ರಮಾಣದಲ್ಲಿ. ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಬಹುದು, ಅವರು ಹೇಳಲಾರರು, ಮನೆಯವರೇ ಗಮನಿಸಬೇಕು. ಇಂಥವರಲ್ಲಿ ಈ ಮಾತ್ರೆಗಳ ದೊಡ್ಡ ಅಧ್ಯಯನಗಳು ನಡೆದಿಲ್ಲ, ಆದ್ದರಿಂದ ನಿಧಾನವಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲಕ್ಕೂ ರಿಸ್ಪೆರಿಡೋನ್ (ತೀವ್ರ ಮನೋರೋಗಗಳಿಗೆ ಕೊಡುವ ಮಾತ್ರೆ) ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದಲ್ಲಿ 2006ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ಆಟಿಸಂ ಇರುವ ಮಕ್ಕಳ ಸಿಡಿಮಿಡಿಗೆ, ಆತಂಕಕ್ಕಲ್ಲ. ತೂಕವೂ ಏರುತ್ತದೆ.

ಈಗ ಕುಕ್ಕರ್ ಕೂಗುವಾಗ ಅವರು ಹೆಡ್‌ಫೋನ್ ಹಾಕಿಕೊಂಡು ಹಾಲ್‌ನಲ್ಲೇ ಕೂರುತ್ತಾರೆ. ಪಟಾಕಿಗೆ ಈ ಉಪಾಯ ನಡೆಯಲಿಲ್ಲ, ಎಷ್ಟು ಸದ್ದು, ಯಾವಾಗ ಎಂದು ಚಿತ್ರ ಅಂಟಿಸಲು ಬರುವುದಿಲ್ಲ. ದೀಪಾವಳಿಗೆ ಅವರನ್ನು ಹಳ್ಳಿಯ ಅಜ್ಜಿ ಮನೆಗೆ ಕರೆದೊಯ್ಯಲು ನಾನೇ ಹೇಳಿದೆ.