ಡೈನೋಸಾರ್ ಮೊಟ್ಟೆ ಗುರುತಿಸೋದು ಹೇಗೆ?

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಗುಂಡು ಕಲ್ಲು ಕಂಡ ಕೂಡಲೇ ಕುಣಿಯಬೇಡಿ. ನಾನು ಮೊದಲು ಅಂಚು ನೋಡುತ್ತೇನೆ. ತೆಳ್ಳಗಿನ ಸಿಪ್ಪೆ ಬಳೆಚೂರಿನ ಹಾಗೆ ಬಾಗಿರಬೇಕು. ಲೆನ್ಸ್ ಹಿಡಿದರೆ ಮೇಲೆಲ್ಲ ಸಣ್ಣ ಗುಳ್ಳೆಗಳು, ನಡುವೆ ಗಾಳಿಯಾಡುವ ತೂತುಗಳು. ಸುಮ್ನೆ ಉರುಟಾದ ಕಲ್ಲಿಗೆ ಇದೆಲ್ಲಿಂದ ಬರಬೇಕು, ಅಲ್ವಾ?

ಆಮೇಲೆ ಅಕ್ಕಪಕ್ಕ ನೋಡಿ. ಇಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕ ವರದಿ 2023ರಲ್ಲಿ ಬಂತು. ಗೂಡುಗಳು ಬಹಳ ಒತ್ತೊತ್ತಾಗಿವೆ. ಇವನ್ನಿಟ್ಟಿದ್ದು ಟೈಟನೋಸಾರ್, ಅಂದ್ರೆ ಉದ್ದ ಕತ್ತಿನ ಭಾರೀ ಡೈನೋಸಾರ್. ಅಷ್ಟು ದೊಡ್ಡ ತಾಯಿ ಅಲ್ಲಿ ನಿಂತು ಕಾಯೋದು ಕಷ್ಟ. ಮೊಟ್ಟೆಯಿಟ್ಟು ಹೊರಟುಬಿಡುತ್ತಿತ್ತು ಅನ್ಸುತ್ತೆ.

ಸಿಪ್ಪೆಯೊಳಗೆ ಇನ್ನೊಂದು ಸಿಪ್ಪೆ ಕಂಡರೆ ನಡುವಿನ ಜಾಗ ಅಳೆಯಿರಿ. ಅಂಟಿಕೊಂಡಿದ್ದರೆ ಅದು ಬೇರೆ ದೋಷ. ಅಗಲ ಜಾಗವಿದ್ದರೆ ಮೊಟ್ಟೆಯೊಳಗೊಂದು ಮೊಟ್ಟೆ! ಇದೇ ಜಿಲ್ಲೆಯ ಪಾಡ್ಲ್ಯಾ ಹಳ್ಳಿಯಲ್ಲಿ ಸಿಕ್ಕಿದ್ದು ಅಂಥದ್ದೇ. ಕೋಳಿಗಳಲ್ಲಿ ಹೀಗಾಗುತ್ತೆ: ಇಡಬೇಕಾದ ಮೊಟ್ಟೆ ಹಿಂದಕ್ಕೆ ಸರಿದು ಮುಂದಿನ ಮೊಟ್ಟೆಯೊಳಗೆ ಸೇರುತ್ತೆ. ಅಂದ್ರೆ ಈ ಡೈನೋಸಾರ್‌ಗಳೂ ಹಕ್ಕಿಗಳಂತೆ ಒಂದೊಂದಾಗಿ ಇಡುತ್ತಿದ್ದವೇನೋ. ಅಗೆಯಬೇಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಸಾಕು.