ಅಟ್ಟದ ಮೇಲಿರುವ ವಿಡಿಯೋ ಕ್ಯಾಸೆಟ್‌ಗಳನ್ನು ಮಳೆಗಾಲಕ್ಕೆ ಮೊದಲೇ ಉಳಿಸಿಕೊಳ್ಳಿ

ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳಿಗೆ ವಿಸಿಆರ್, ಅಂದರೆ ವಿಡಿಯೋ ಕ್ಯಾಸೆಟ್ ಹಾಕಿ ನೋಡುವ, ಟಿವಿಯಲ್ಲಿ ಬಂದದ್ದನ್ನು ರೆಕಾರ್ಡ್ ಮಾಡುವ ಮೆಶೀನು, ಬಂದದ್ದು ಗಲ್ಫಿನಿಂದ. ನಮ್ಮ ಮನೆಗೂ ಹಾಗೆಯೇ, ಮಾವ ಮಸ್ಕತ್ತಿನಿಂದ ರಜೆಗೆ ಬರುವಾಗ ಹೊತ್ತು ತಂದರು. ಸಿನಿಮಾ ನೋಡಲಿ ಅಂತ ಅವರು ತಂದದ್ದು. ದೊಡ್ಡಮ್ಮ ಮಾತ್ರ ಅದರಲ್ಲಿ ದೂರದರ್ಶನದ ಧಾರಾವಾಹಿಗಳನ್ನು ಹಿಡಿದಿಟ್ಟರು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ಮಾಲ್ಗುಡಿ ಡೇಸ್, ರಮೇಶ್ ಭಟ್ ನಗಿಸಿದ ಕ್ರೇಜಿ ಕರ್ನಲ್, ಸದಾನಂದ ಸುವರ್ಣರ ಗುಡ್ಡದ ಭೂತ. ಆ ಕೊನೆಯದರ ಹಾಡು ಶುರುವಾದರೆ ನಾವು ಮಕ್ಕಳೆಲ್ಲ ಒಂದೇ ಚಾಪೆಗೆ ಬಂದು ಒತ್ತಿ ಕೂರುತ್ತಿದ್ದೆವು.

ಅದೆಲ್ಲ ಈಗ ಯೂಟ್ಯೂಬಲ್ಲಿ ಸಿಗುತ್ತದಲ್ವಾ ಅಂತ ಕೇಳಬಹುದು. ಕೆಲವು ಕಂತುಗಳು ಸಿಗುತ್ತವೆ, ನಿಜ. ಆದರೆ ಕಂತಿನ ನಡುವೆ ಬರುತ್ತಿದ್ದ ನಿರ್ಮಾ ಜಾಹೀರಾತು, ಮುಂದಿನ ಕಾರ್ಯಕ್ರಮ ಹೇಳಲು ಬರುತ್ತಿದ್ದ ಉದ್ಘೋಷಕಿಯ ಮುಖ, ವಾರ್ತೆಗೆ ಮುಂಚಿನ ಆ ಅರ್ಧ ನಿಮಿಷ, ಇವು ನಿಮ್ಮ ಮನೆಯ ಕ್ಯಾಸೆಟ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದೇ ಇರಬಹುದು. ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಈ ಕೆಲಸಕ್ಕೆ ನಾನು ಕೈ ಹಾಕಿದ್ದೇ ಅದಕ್ಕೆ.

ಮೊದಲು ಕ್ಯಾಸೆಟ್ ಕೆಳಗಿಳಿಸಿ, ಬೆಳಕಿಗೆ ಹಿಡಿದು ಅದರ ಪಾರದರ್ಶಕ ಕಿಟಕಿಯೊಳಗೆ ನೋಡಿ. ರೀಲಿನ ಅಂಚಿನಲ್ಲಿ ಬಿಳಿ ಪುಡಿ ಅಥವಾ ಜೇಡನ ಬಲೆಯಂಥ ಮಚ್ಚೆ ಕಂಡರೆ ಅದು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಕ್ಯಾಸೆಟ್ ಬಿಟ್ಟೀತೇ? ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ನೇರ ವಿಸಿಆರ್‌ಗೆ ಹಾಕಬೇಡಿ. ನಾನು ಒಂದು ಸಲ ಆತುರಪಟ್ಟು ಹಾಕಿದೆ. ರೀಲು ಒಳಗೆ ಸಿಕ್ಕಿಕೊಂಡು ಒಂದು ಮೊಳದಷ್ಟು ಸುಕ್ಕಾಯಿತು, ಆ ಭಾಗದ ಚಿತ್ರ ಹೋಯಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ಬೂಷ್ಟು ಮೆಶೀನಿನ ಹೆಡ್‌ಗೆ (ರೀಲಿನಿಂದ ಚಿತ್ರ ಓದುವ ಭಾಗಕ್ಕೆ) ಅಂಟಿ, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ.

ಹಾಗಾದರೆ ಏನು ಮಾಡುವುದು? ಅಂಥವನ್ನು ಬೇರೆ ಇಡಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ವಾರ ಮುಚ್ಚಿಡಿ. ಹಪ್ಪಳದ ಹಾಗೆ ಬಿಸಿಲಿಗೆ ಮಾತ್ರ ಹಾಕಬೇಡಿ, ಬಿಸಿಗೆ ರೀಲು ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಮನೆಯ ಹೊರಗೆ ಕೂತು, ಅಡಿಭಾಗದ 5 ಸ್ಕ್ರೂ ಬಿಚ್ಚಿ. ಮುಚ್ಚಳ ತೆಗೆದ ಕೂಡಲೇ, ಒಳಗಿನದನ್ನು ಮುಟ್ಟುವ ಮೊದಲು, ರೀಲು ಯಾವ ದಾರಿಯಲ್ಲಿ ಸುತ್ತಿ ಬಂದಿದೆ ಅಂತ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ, ಇಲ್ಲದಿದ್ದರೆ ಮತ್ತೆ ಜೋಡಿಸುವಾಗ ಒದ್ದಾಡಬೇಕಾಗುತ್ತದೆ. ನೂಲು ಬಿಡದ ಮೆತ್ತನೆಯ ಬಟ್ಟೆಯಿಂದ ಅಂಚಿನ ಬೂಷ್ಟು ನಿಧಾನಕ್ಕೆ ಒರೆಸಿ, ಸುತ್ತುಗಳನ್ನು ಬೇಡದ ಇನ್ನೊಂದು ಕ್ಯಾಸೆಟ್‌ನ ಸ್ವಚ್ಛ ಚಿಪ್ಪಿಗೆ ಹಾಕಿ. ರೀಲು ತುಂಡಾಗಿದ್ದರೆ ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಹೆಡ್‌ಗೆ ಹಿಡಿಯುತ್ತದೆ. ಬೂಷ್ಟು ಒಳಗಿನವರೆಗೂ ಇಳಿದಿದ್ದರೆ ನೀವೇ ಸಾಹಸ ಮಾಡುವುದಕ್ಕಿಂತ ಈ ಕೆಲಸ ಗೊತ್ತಿದ್ದವರಿಗೆ ಕೊಡುವುದು ಒಳ್ಳೆಯದು.

ವಿಸಿಆರ್ ಹುಡುಕುವುದೇ ದೊಡ್ಡ ಕೆಲಸ. ಹೊಸದು ಯಾರೂ ತಯಾರಿಸುವುದಿಲ್ಲ. ಗಲ್ಫಿನಲ್ಲಿದ್ದು ಬಂದ ನೆಂಟರ ಮನೆಯಲ್ಲಿ ಕೇಳಿ, ಹಳೆಯ ಟಿವಿ ರಿಪೇರಿಯವರನ್ನು ವಿಚಾರಿಸಿ. ಸಿಕ್ಕಿದರೆ ಹೆಡ್ ಒರೆಸಿಯೇ ಬಳಸಿ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಿಳಿ ಕಾಗದವನ್ನು ಡ್ರಮ್‌ಗೆ, ಅಂದರೆ ಹೆಡ್ ಕೂರಿಸಿದ ಹೊಳೆಯುವ ಉರುಳೆಗೆ, ಹಗುರಾಗಿ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿ ಕಡ್ಡಿಯೂ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಮೊದಲು ಯಾವುದಾದರೂ ಬೇಡದ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಆಮೇಲೆ ನಿಮ್ಮದನ್ನು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಅಂಟಿಕೊಂಡಿದ್ದ ಸುತ್ತು ಸಡಿಲವಾಗುತ್ತದೆ.

ಮುಂದಿನದು ಸುಲಭ. ವಿಸಿಆರ್‌ನ ಹಳದಿ, ಬಿಳಿ, ಕೆಂಪು ವೈರುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಕಾರ್ಡಿಗೆ (ವಿಸಿಆರ್‌ನ ಚಿತ್ರ, ಧ್ವನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪುಟ್ಟ ಸಾಧನ), ಕಾರ್ಡನ್ನು ಲ್ಯಾಪ್‌ಟಾಪಿಗೆ ಸೇರಿಸಿ. ರೆಕಾರ್ಡ್ ಮಾಡಲು ಓಬಿಎಸ್ ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದು ಸಾಕು. ನಮ್ಮ ಟಿವಿ ಪ್ರಸಾರದಲ್ಲಿದ್ದದ್ದು ಪಾಲ್ (PAL) ಪದ್ಧತಿ, ಹಾಗಾಗಿ ಕಾರ್ಡಿನಲ್ಲಿ 720x576 ಆರಿಸಿ. ಓಬಿಎಸ್‌ನ ಕ್ಯಾನ್ವಾಸ್ 768x576, ವೇಗ (FPS) 50 ಇಟ್ಟು, ಡೀಇಂಟರ್ಲೇಸಿಂಗ್ (Deinterlacing) ಎಂಬಲ್ಲಿ ಯಾಡಿಫ್ 2x (Yadif 2x) ಹಾಕಿ. ಇಷ್ಟು ಮಾಡಿದರೆ ಚಿತ್ರ ಬಾಚಣಿಗೆಯ ಹಲ್ಲಿನ ಹಾಗೆ ಸೀಳುವುದಿಲ್ಲ. ಅಗಲ ಟಿವಿಗೆ ತುಂಬಲಿ ಅಂತ ಚಿತ್ರವನ್ನು ಎಳೆಯಬೇಡಿ, ಮಾಲ್ಗುಡಿಯ ಹುಡುಗ ಸ್ವಾಮಿಯ ಮುಖ ದಪ್ಪಗಾಗುತ್ತದೆ. ಪಕ್ಕದಲ್ಲಿ ಕಪ್ಪು ಪಟ್ಟಿ ಇರಲಿ ಬಿಡಿ. 3 ಗಂಟೆಯ ಕ್ಯಾಸೆಟ್‌ಗೆ 3 ಗಂಟೆಯೇ ಬೇಕು, ಅವಸರದ ದಾರಿ ಇಲ್ಲ. ಓಬಿಎಸ್‌ನಲ್ಲಿ ಬಿಟ್‌ರೇಟ್ 6000 Kbps ಇಟ್ಟರೆ ಗಂಟೆಗೆ 3 ಜಿಬಿಯ ಒಳಗೇ ಮುಗಿಯುತ್ತದೆ. ಚಿತ್ರದಲ್ಲಿ ಗೆರೆ ಬಂದರೆ ವಿಸಿಆರ್‌ನ ಟ್ರ್ಯಾಕಿಂಗ್ ಬಟನ್ ಒತ್ತುತ್ತಾ ಸರಿಮಾಡಿ.

ಒಂದು ವಿಷಯ ಮಾತ್ರ ಜಾಸ್ತಿ ಒತ್ತಿ ಹೇಳುತ್ತೇನೆ: ಏನನ್ನೂ ಕತ್ತರಿಸಬೇಡಿ. ಗುಡ್ಡದ ಭೂತದ ಒಂದು ಕಂತಿನಲ್ಲಿ ಪ್ರಕಾಶ್ ರೈ ಏನೋ ಹೇಳಲು ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ಚಿತ್ರ ಒಡೆದು ಬರೀ ಚುಕ್ಕಿ. ಆವತ್ತು ಕರೆಂಟು ಹೋಗಿತ್ತು. ಚುಕ್ಕಿ ಮುಗಿದ ಮೇಲೆ ಸೀದಾ ವಾರ್ತೆಯೇ ಬರುತ್ತದೆ. ಅದು ನಮ್ಮ ಮನೆಯ ಒಂದು ಸಂಜೆ, ಅದನ್ನು ತೆಗೆದು ಚಂದ ಮಾಡುವುದು ನನ್ನಿಂದಾಗದು.

ಫೈಲಿಗೆ ಹೆಸರು ಕೊಡುವಾಗ ಕ್ಯಾಸೆಟ್ ಮೇಲಿನ ಬರಹವನ್ನೇ ಹಾಗೇ ಬರೆಯಿರಿ, ಲೇಬಲ್ಲಿನ ಫೋಟೋವನ್ನೂ ಜೊತೆಗಿಡಿ. ನಮ್ಮದರ ಮೇಲೆ ನೀಲಿ ಇಂಕಿನಲ್ಲಿ ‘ಇದರ ಮೇಲೆ ರೆಕಾರ್ಡ್ ಮಾಡಬೇಡಿ’ ಅಂತ ದೊಡ್ಡಮ್ಮನ ಅಕ್ಷರ ಇದೆ. ಪ್ರತಿಗಳನ್ನು ಎರಡು ಕಡೆ ಇಡಿ, ಒಂದು ಹಾರ್ಡ್ ಡಿಸ್ಕ್ ಬೇರೆ ಮನೆಯಲ್ಲಿರಲಿ. ಕ್ಯಾಸೆಟ್ ಎಸೆಯಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಡಬ್ಬದಲ್ಲಿ ಮುಚ್ಚಿಡಿ.

ಕಳೆದ ವಾರ ಪೆನ್‌ಡ್ರೈವ್‌ನಲ್ಲಿ ಹಾಕಿ ದೊಡ್ಡಮ್ಮನ ಟಿವಿಗೆ ಚುಚ್ಚಿದೆ. ಜಾಹೀರಾತು ಬಂದಾಗ ಓಡಿಸಲು ರಿಮೋಟ್ ತೆಗೆದುಕೊಂಡೆ. ‘ಇರ್ಲಿ ಮಾರಾಯ, ಅದನ್ನೂ ನೋಡುವ’ ಅಂದರು.