ವೆರಿಕೋಸ್ ವೇನ್ಸ್: ಬಿಗಿ ಕಾಲುಚೀಲ ಹಾಕುವ ಸರಿಯಾದ ಬಗೆ

ಕಾಲಿನ ರಕ್ತನಾಳದೊಳಗಿನ ಕವಾಟಗಳು ಸಡಿಲವಾದರೆ ಮೇಲೇರಬೇಕಾದ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ಇದೇ ವೆರಿಕೋಸ್ ವೇನ್ಸ್. ಎಣ್ಣೆ ತಿಕ್ಕಿದರೆ ಕವಾಟ ಸರಿಹೋಗದು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ವೈದ್ಯರು ಹೇಳಿದ ಒತ್ತಡದ ಕಾಲುಚೀಲವನ್ನೇ ಕೊಳ್ಳಿ. ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟು ಸೇದುವವರು ಕಾಲಿಗೆ ರಕ್ತ ತರುವ ಧಮನಿಯನ್ನೂ ಪರೀಕ್ಷಿಸಿಕೊಳ್ಳಲೇಬೇಕು. ಅದು ಕಿರಿದಾಗಿದ್ದರೆ ಬಿಗಿ ಚೀಲ ಅಪಾಯ.

ಅಳತೆ ಬೆಳಿಗ್ಗೆಯೇ ತೆಗೆಯಿರಿ, ಸಂಜೆಗೆ ಬಾವು ಸೇರಿ ಸೈಜ್ ತಪ್ಪುತ್ತದೆ. ಹಾಸಿಗೆಯಿಂದ ಏಳುವ ಮೊದಲೇ ಹಾಕಿ: ಚೀಲವನ್ನು ಹಿಮ್ಮಡಿವರೆಗೆ ಒಳಹೊರಗು ಮಾಡಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂರಿಸಿ, ಅಂಗೈಯಿಂದ ಸ್ವಲ್ಪಸ್ವಲ್ಪವೇ ಮೇಲೆ ಸವರಿ. ಉದ್ದವಾಯಿತೆಂದು ಮೇಲಂಚು ಮಡಚಲೇಬೇಡಿ. ಅಲ್ಲಿ ಒತ್ತಡ ಹೆಚ್ಚಿ ರಕ್ತ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ರಾತ್ರಿ ಸಾಮಾನ್ಯವಾಗಿ ಬೇಡ.

ನಾಳ ಒಡೆದು ರಕ್ತ ಸುರಿದರೆ ಮಲಗಿ ಕಾಲೆತ್ತಿ, ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ. ನಿಲ್ಲದಿದ್ದರೆ 108ಕ್ಕೆ ಕರೆಮಾಡಿ. ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.